ಒಂದೇ ಒಂದು ಕಂಡೀಷನ್

"ಯಾರೂ ಇರಬಾರದು. ನನ್ನದು ಅದೊಂದೇ ಕಂಡೀಷನ್" ಎಂದ ಪ್ರಸಾದ.

"ಯಾರೂ ಅಂದ್ರೆ?" ಎಂದ ಮೂರ್ತಿ.

"ಯಾರೂ ಅಂದ್ರೆ ಯಾರೂ. ನಾವು, ನಮ್ಮ ಟೆಂಟು, ಸುತ್ತ ಪಾಂಡರೋಸ ಪೈನ್ ಮರಗಳು, ಮೇಲೆ ನಕ್ಷತ್ರ. ಇನ್ನೊಬ್ಬರ ಮುಖ ಕಾಣಬಾರದು, ಮಾತು ಕೇಳಬಾರದು."

"ಭೇಷ್. ಎಷ್ಟು ಜನ ಹೋಗ್ತಿದೀವಿ?"

"ಒಂಬತ್ತು ಫ್ಯಾಮಿಲಿ."

ಜೂನ್ ಕೊನೆಯ ಭಾನುವಾರ. ಅರಿಝೋನಾದ ಚಾಂಡ್ಲರ್‌ನಲ್ಲಿ ಹೊರಗೆ 112 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಕಡೆಯ ಲೆಕ್ಕದಲ್ಲಿ 44. ಫೀನಿಕ್ಸ್ ಸುತ್ತಮುತ್ತ ಈ ಕಾಲದಲ್ಲಿ ಯಾರ ಮನೆಗೆ ಹೋದರೂ ಮಾತು ಏಸಿ ರಿಪೇರಿಯಿಂದ ಶುರುವಾಗಿ "ಮೇಲೆ ಹೋಗೋಣ" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. 2023ರಲ್ಲಿ ಸತತ 31 ದಿನ 110 ಡಿಗ್ರಿಗಿಂತ ಕೆಳಗೆ ಇಳಿಯದ ಮಧ್ಯಾಹ್ನಗಳನ್ನು ಕಂಡ ಊರಿದು. ಇಲ್ಲಿನವರಿಗೆ "ಮೇಲೆ" ಅಂದರೆ ಸ್ವರ್ಗ ಅಲ್ಲ, ಮಗಿಯೋನ್ ರಿಮ್. ಪೇಸನ್ ಊರು ದಾಟಿ ಘಾಟಿ ಹತ್ತಿದರೆ ಏಳೂವರೆ ಸಾವಿರ ಅಡಿ ಎತ್ತರ, ಪೈನ್ ಕಾಡು, ಕೆಳಗಿನ ಊರಿಗಿಂತ ಇಪ್ಪತ್ತೈದು ಡಿಗ್ರಿ ತಂಪು. ಎರಡು, ಎರಡೂವರೆ ಗಂಟೆ ಡ್ರೈವು.

"ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿದ್ರೆ ಮುಗೀತಲ್ಲ" ಎಂದ ಮೂರ್ತಿ.

ಪ್ರಸಾದನ ಮುಖ ಹುಳ್ಳಗಾಯಿತು. "ಅಲ್ಲಿ ನಂಬರ್ ಹಾಕಿದ ಜಾಗ, ಮೇಜು, ಕಕ್ಕಸು, ಪಕ್ಕದವರ ಜನರೇಟರ್. ಅದು ಕ್ಯಾಂಪಿಂಗೇ ಅಲ್ಲ ಮಾರಾಯ. ಇದು ಡಿಸ್ಪರ್ಸ್ಡ್ ಕ್ಯಾಂಪಿಂಗು. ನ್ಯಾಷನಲ್ ಫಾರೆಸ್ಟ್ ಒಳಗೆ ನಮಗೆ ನಾವೇ ಜಾಗ ಹುಡುಕಿಕೊಳ್ಳೋದು. ಬುಕಿಂಗ್ ಇಲ್ಲ, ನೀರಿಲ್ಲ, ಕಕ್ಕಸಿಲ್ಲ, ಕಸದ ಡಬ್ಬಿಯೂ ಇಲ್ಲ. ಏನೂ ಇಲ್ಲ! ಹದಿನಾಲ್ಕು ದಿನ ಇದ್ರೂ ಯಾರೂ ಕೇಳಲ್ಲ. ಅದೂ ಪುಕ್ಕಟೆ."

"ಏನೂ ಇಲ್ಲ ಅಂತ ಇಷ್ಟು ಹೆಮ್ಮೆಯಿಂದ ಹೇಳೋದನ್ನ ಇವತ್ತೇ ಕೇಳಿದ್ದು. ನನಗೆ ಹೆಣ್ಣು ಹುಡುಕುವಾಗ ನಮ್ಮಪ್ಪ ಇದನ್ನೇ ಹೇಳಿ ಒಳ್ಳೊಳ್ಳೆ ಸಂಬಂಧ ತಪ್ಪಿಸಿದ್ರು."

"ಪುಕ್ಕಟೆ ಅಂತೆ!" ಅಡುಗೆಮನೆಯಿಂದ ಪ್ರಸಾದನ ಹೆಂಡತಿ ವೀಣಾಳ ದನಿ. "ಮೂರ್ತಿ, ಒಂದ್ಸಲ ಗ್ಯಾರೇಜ್ ನೋಡ್ಕೊಂಡು ಬನ್ನಿ. ಆಮೇಲೆ ಮಾತಾಡೋಣ."

ಗ್ಯಾರೇಜಿನಲ್ಲಿ ಕಾರು ನಿಲ್ಲುವ ಜಾಗ ಇರಲಿಲ್ಲ. ಎರಡು ಟೆಂಟು. ಗಾಳಿ ತುಂಬಿಸುವ ಹಾಸಿಗೆ, ಅದಕ್ಕೆ ಗಾಳಿ ತುಂಬಿಸುವ ಪಂಪು, ಆ ಪಂಪಿಗೆ ಚಾರ್ಜ್ ಕೊಡುವ ಬ್ಯಾಟರಿ, ಬ್ಯಾಟರಿ ಚಾರ್ಜ್ ಮಾಡುವ ಸೋಲಾರ್ ಹಲಗೆ. ನಲ್ಲಿ ಇರುವ ನೀಲಿ ನೀರಿನ ಕ್ಯಾನುಗಳು ಸಾಲಾಗಿ ಕೂತಿದ್ದವು. ತಲೆಗೆ ದಿನಕ್ಕೊಂದು ಗ್ಯಾಲನ್ ಅಂತ ಲೆಕ್ಕ. ಮೂಲೆಯಲ್ಲಿ ಒಂದು ಬಕೆಟ್ಟು, ಅದರ ಮೇಲೆ ಕೂರುವುದಕ್ಕೆ ಮುಚ್ಚಳದ ಸೀಟು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಪುಟ್ಟ ಪ್ಲಾಸ್ಟಿಕ್ ಸನಿಕೆ, ಇನ್ನೂ ಬೆಲೆ ಚೀಟಿ ಕಿತ್ತಿರಲಿಲ್ಲ.

"ಇದು ಗಿಡ ನೆಡೋಕಾ?" ಎಂದ ಮೂರ್ತಿ ಸನಿಕೆ ಎತ್ತಿ.

"ಅಲ್ಲ." ಪ್ರಸಾದ ಸ್ವಲ್ಪ ದನಿ ತಗ್ಗಿಸಿದ. "ಬಕೆಟ್ ಹೆಂಗಸರಿಗೆ, ಮಕ್ಕಳಿಗೆ. ಗಂಡಸರು ಟೆಂಟಿನಿಂದ, ನೀರಿನಿಂದ, ದಾರಿಯಿಂದ ಇನ್ನೂರು ಅಡಿ ದೂರ ಹೋಗಬೇಕು. ಆರರಿಂದ ಎಂಟು ಇಂಚು ಗುಂಡಿ ತೋಡಬೇಕು. ಕೆಲಸ ಆದ ಮೇಲೆ ಮುಚ್ಚಬೇಕು. ನಿಯಮ ಇದೆ."

ಮೂರ್ತಿ ಸನಿಕೆಯನ್ನು ಗೌರವದಿಂದ ಕೆಳಗಿಟ್ಟ. "ಅಲ್ಲಿ ಸರ್ಕಾರ ಊರೂರಿಗೆ ಶೌಚಾಲಯ ಕಟ್ಟಿಸಿ ಜನರನ್ನ ಹೊಲದಿಂದ ಒಳಗೆ ಕರ್ಕೊಂಡು ಬಂತು. ನೀನು ಎಚ್‌ವನ್‌ಬಿ ವೀಸಾ ಮೇಲೆ ಇಲ್ಲಿಗೆ ಬಂದು ಹೊರಗೆ ಹೊರಟಿದೀಯ."

ಅಷ್ಟರಲ್ಲಿ ನಾಗರಾಜ ಲ್ಯಾಪ್‌ಟಾಪ್ ಬಿಚ್ಚಿದ್ದ. ನಾಗರಾಜ ಇದ್ದ ಮೇಲೆ ಎಕ್ಸೆಲ್ ಹಾಳೆ ಇರಲೇಬೇಕು. ಒಂಬತ್ತು ಮನೆಗೂ ವಾಟ್ಸಾಪ್ ಮಾಡಿ, ಜಾಗ ಹೇಗಿರಬೇಕು, ನಿಮ್ಮದು ಒಂದೇ ಒಂದು ಕಂಡೀಷನ್ ಹೇಳಿ ಅಂತ ಕೇಳಿ ತುಂಬಿಸಿಕೊಂಡಿದ್ದ.

"ಹರೀಶಂದು ಒಂದೇ ಕಂಡೀಷನ್. ಫೋನ್ ನೆಟ್‌ವರ್ಕ್ ಬರಬೇಕು. ಅವನು ಆ ವಾರ ಆನ್‌ಕಾಲ್, ಆಫೀಸಿಂದ ಯಾವಾಗ ಕರೆ ಬಂದ್ರೂ ಎತ್ತಬೇಕು."

"ಸರಿ."

"ಗಿರೀಶಂದು ಕ್ಯಾಮ್ರಿ ಕಾರು. ಮಣ್ಣು ರಸ್ತೆ ಆಗಲ್ಲ. ಟೆಂಟಿನ ಬಾಗಿಲ ತನಕ ಟಾರು ಇದ್ರೆ ಒಳ್ಳೇದು ಅಂದ."

"ಬರ್ಕೋ."

"ಅನುಪಮಾಗೆ ನೆರಳು ಬೇಕು, ಆದ್ರೆ ಮರದಿಂದ ಏನೂ ಬೀಳಬಾರದು. ಸುಧೀಂದ್ರಂಗೆ ಬೆನ್ನು ನೋವು, ನೆಲ ಸಮತಟ್ಟಾಗಿರಬೇಕು. ಕಾರ್ತಿಕ್ ಅತ್ತೆ ಮಾವ ಬಂದಿದ್ದಾರೆ, ಅವರಿಗೆ ಬಕೆಟ್ ಆಗಲ್ಲ. ಮಕ್ಕಳಿಗೆ ನೀರಿರೋ ಜಾಗ. ಕರಡಿ ಇರಬಾರದು. ಆಸ್ಪತ್ರೆ ಅರ್ಧ ಗಂಟೆಯೊಳಗೆ."

ಮೂರ್ತಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಸಮತಟ್ಟು ನೆಲ, ನೆರಳು, ನೀರು, ನೆಟ್‌ವರ್ಕು, ಬಾಗಿಲ ತನಕ ಟಾರು, ಒಳ್ಳೆ ಕಕ್ಕಸು, ಕರಡಿ ಇಲ್ಲ. ನಾಗರಾಜ, ಇಂಥ ಜಾಗ ಒಂದು ನನಗೆ ಗೊತ್ತು. ಕಾಲೊನಿ ಸಂಘಕ್ಕೆ ತಿಂಗಳಿಗೆ ಎಚ್‌ಓಎ ಫೀಸ್ ಕಟ್ಟಬೇಕು, ಅಷ್ಟೇ."

"ನೀನು ಸುಮ್ನಿರೋ" ಎಂದ ಪ್ರಸಾದ. "ನಾಗರಾಜ, ಮ್ಯಾಪ್ ತೋರಿಸು."

ಮ್ಯಾಪು ತಮಾಷೆಯ ವಸ್ತುವಲ್ಲ. ಫಾರೆಸ್ಟ್ ಸರ್ವೀಸ್‌ನವರು ವಾಹನ ಓಡಾಡುವ ದಾರಿಗಳದ್ದೇ ಒಂದು ನಕ್ಷೆಯನ್ನು ಪುಕ್ಕಟೆ ಕೊಡುತ್ತಾರೆ. ಕಪ್ಪು ಬಿಳುಪು, ನೋಡೋಕೆ ಒಂದು ಚೂರೂ ಚೆಂದ ಇಲ್ಲ. ಆದರೆ ಎಲ್ಲ ಆ್ಯಪ್‌ಗಳಿಗಿಂತ ನಂಬಿಕೆಯ ಮಾತು ಇರುವುದು ಅದರಲ್ಲೇ. ಯಾವ ಕಾಡು ದಾರಿಯಲ್ಲಿ ಗಾಡಿ ಓಡಿಸಬಹುದು, ಯಾವುದರ ಪಕ್ಕದಲ್ಲಿ ಗಾಡಿ ಇಳಿಸಿ ಟೆಂಟ್ ಹಾಕಬಹುದು ಎಲ್ಲ ಇದೆ. ದಾರಿಯ ಪಕ್ಕ ಸಣ್ಣ ಸಣ್ಣ ಚುಕ್ಕಿ ಇದ್ದರೆ ಗಾಡಿ ಒಳಗೆ ತಗೊಂಡು ಹೋಗಬಹುದು ಅಂತ ಅರ್ಥ.

"ಕೊಕೊನಿನೊ ಕಾಡಿನಲ್ಲಿ ಚುಕ್ಕಿ ಇರೋ ದಾರಿಯಿಂದ 300 ಅಡಿ ಒಳಗೆ ಹೋಗಬಹುದು" ಎಂದ ನಾಗರಾಜ. "ಮೊದಲೇ ಯಾರೋ ಟೆಂಟ್ ಹಾಕಿ ನೆಲ ಗಟ್ಟಿಯಾಗಿರೋ ಕಡೇನೇ ಹಾಕಬೇಕು, ಹೊಸ ಜಾಗ ತುಳೀಬಾರದು. ಆಮೇಲೆ ಸ್ಟೇಟ್ ಟ್ರಸ್ಟ್ ಲ್ಯಾಂಡ್ ಅಂತ ರಾಜ್ಯದ ಜಮೀನು ಬೇರೆ ಇದೆ. ಅದಕ್ಕೆ ಪರ್ಮಿಟ್ ಬೇಕು. ರಿಮ್ ಅಂಚಿನ ಕೆಲವು ದಾರಿಗಳಲ್ಲಿ ಜನ ಜಾಸ್ತಿಯಾಗಿ ಈಗ ಗುರುತು ಮಾಡಿದ ಜಾಗದಲ್ಲಿ ಮಾತ್ರ ಬಿಡ್ತಾರೆ."

"ಅಂದ್ರೆ ಯಾರೂ ಇಲ್ಲದ ಜಾಗಕ್ಕೂ ಗುರುತು ಬಂತು ಅನ್ನು" ಎಂದ ಮೂರ್ತಿ.

"ಅದಕ್ಕೇ ಆ್ಯಪ್ ಇರೋದು" ಎಂದ ಪ್ರಸಾದ ಫೋನ್ ಚಾಚುತ್ತ. "ನೋಡಿಲ್ಲಿ. ಯಾರಿಗೂ ಗೊತ್ತಿಲ್ಲದ ಜಾಗ ಅಂತಲೇ ಹಾಕಿದ್ದಾರೆ."

ಮೂರ್ತಿ ಕನ್ನಡಕ ಏರಿಸಿದ. "ಹೌದಪ್ಪಾ. ಕೆಳಗೆ ನಾನೂರು ಜನ, ಹೌದು ಯಾರಿಗೂ ಗೊತ್ತಿಲ್ಲ, ನಾವೂ ಹೋಗಿದ್ವಿ ಅಂತ ಬರ್ದಿದ್ದಾರೆ. ನಮ್ಮ ಮ್ಯಾರಿಕೋಪ ಕೌಂಟಿಯಲ್ಲಿ 44 ಲಕ್ಷಕ್ಕೂ ಮೇಲೆ ಜನ. ಅದರಲ್ಲಿ ಅರ್ಧ ಜನ ಶುಕ್ರವಾರ ಸಂಜೆ ಬೀಲೈನ್ ಹೈವೇ ಮೇಲೆ ಬಂಪರಿಗೆ ಬಂಪರ್ ಕೂತಿರ್ತಾರೆ. ಯಾರನ್ನಾದ್ರೂ ಕಿಟಕಿ ಇಳಿಸಿ ಕೇಳು, ಎಲ್ಲಿಗೆ ಅಂತ. ಯಾರೂ ಇಲ್ಲದ ಕಡೆಗೆ ಅಂತಾನೆ."

ಇದಕ್ಕೆ ಪ್ರಸಾದನ ಹತ್ತಿರ ಉತ್ತರ ಇರಲಿಲ್ಲ. ಹಾಗಂತ ಬಿಡುವವನೂ ಅಲ್ಲ. "ಹೋಗಲಿ. ರಾತ್ರಿ ಬೆಂಕಿ ಹಾಕಿ ಸುತ್ತ ಕೂತು ಅಂತ್ಯಾಕ್ಷರಿ. ಅದಕ್ಕೇನಂತೀಯ?"

"ಬೆಂಕಿ ಇಲ್ಲ" ಎಂದ ನಾಗರಾಜ. "ನಿರ್ಬಂಧ ಹಾಕಿದ್ದಾರೆ. ಆಫ್ ಮಾಡೋಕೆ ಬರೋ ಗ್ಯಾಸ್ ಒಲೆ ಮಾತ್ರ."

"ಒಂದು ಪುಟ್ಟ ಬೆಂಕಿ..."

"ಬೇಡ ಕಣೋ." ಈ ಸಲ ಮೂರ್ತಿ ನಗಲಿಲ್ಲ. "2011ರಲ್ಲಿ ಇಬ್ಬರು ಹೀಗೇ ಒಂದು ಪುಟ್ಟ ಬೆಂಕಿ ಬಿಟ್ಟು ಸುತ್ತಾಡೋಕೆ ಹೋದ್ರು. ಆರಿದೆ ಅಂದ್ಕೊಂಡಿದ್ರು. 5,38,000 ಎಕರೆ ಹೋಯ್ತು. ಅರಿಝೋನಾದಲ್ಲಿ ಅದಕ್ಕಿಂತ ದೊಡ್ಡದು ಇನ್ನೂ ಆಗಿಲ್ಲ. ಮಳೆ ಬರೋ ತನಕ ಈ ಕಾಡನ್ನ ನಂಬೋ ಹಾಗಿಲ್ಲ. ಅಂತ್ಯಾಕ್ಷರಿ ಕತ್ತಲಲ್ಲೂ ಹಾಡಬಹುದು, ನಿನ್ನ ದನಿಗೆ ಅದೇ ವಾಸಿ."

"ಮಳೆನೂ ಬರುತ್ತೆ ನೋಡಿ" ಎಂದಳು ವೀಣಾ, ಕೋಡುಬಳೆ ತಟ್ಟೆ ಇಡುತ್ತ. "ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿ ಮಾನ್ಸೂನ್ ಅಂತೆ."

ಸೋಫಾದ ತುದಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ಪ್ರಸಾದನ ಅಮ್ಮ ತಲೆ ಎತ್ತಿದರು. ತೀರ್ಥಹಳ್ಳಿಯವರು. ಮಳೆ ವಿಷಯ ಬಂದರೆ ಸುಮ್ಮನಿರುವವರಲ್ಲ. "ಮಾನ್ಸೂನಾ? ಇಲ್ಲೂನಾ? ಎಷ್ಟು ಬರುತ್ತೋ?"

"ಫೀನಿಕ್ಸಿನಲ್ಲಿ ವರ್ಷಕ್ಕೆ ಏಳು ಇಂಚಿನ ಆಸುಪಾಸು ಅಮ್ಮ" ಎಂದ ನಾಗರಾಜ.

"ವರ್ಷಕ್ಕಾ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಆಗುಂಬೇಲಿ ಆಷಾಢದಲ್ಲಿ ಜೋರು ಹಿಡಿದ್ರೆ ಅಷ್ಟು ಒಂದೇ ದಿನಕ್ಕೆ ಬರುತ್ತೆ ಮಾರಾಯ."

"ನೋಡು, ಅದನ್ನೇ ನಾನು ಹೇಳೋದು" ಎಂದ ಮೂರ್ತಿ. "ಇವನು ಹುಟ್ಟಿದ್ದೇ ಕಾಡಿನ ಮಧ್ಯೆ. ಈಗ ನಕ್ಷೆ ಹಿಡ್ಕೊಂಡು ಕಾಡು ಹುಡುಕ್ತಿದಾನೆ."

"ಅಲ್ಲಿ ಹೀಗೆ ಟೆಂಟ್ ಹೊಡೆಯೋಕೆ ಬಿಡ್ತಾರಾ?" ಎಂದ ಪ್ರಸಾದ.

"ಅದೂ ನಿಜ. ಪರ್ಮಿಷನ್ ಇಲ್ಲದೆ ಒಳಗೆ ಮಲಗಿದ್ರೆ ಫಾರೆಸ್ಟರ್ ಬಂದು ಎಬ್ಬಿಸ್ತಾನೆ. ಅವನು ಬರೋಕೆ ಮೊದಲೇ ಇಂಬಳ ಎಬ್ಬಿಸಿರುತ್ತೆ."

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿರಲಿಲ್ಲ. "ನಮ್ಮದು ಒಂಟಿಮನೆ ಮೂರ್ತಿ. ಪಕ್ಕದ ಮನೆ ಅಂದ್ರೆ ತೋಟ ದಾಟಿ, ಸಂಕ ದಾಟಿ, ಆಚೆ ದಿಬ್ಬ. ಇವನು ಹೈಸ್ಕೂಲಿಗೆ ಹೋಗುವಾಗ ದಿನಾ ಒಂದೇ ರಗಳೆ. ಇಲ್ಲಿ ಯಾರೂ ಇಲ್ಲಮ್ಮಾ, ಎಂತ ಊರು ಇದು, ಬೇಜಾರು ಅಂತ. ಯಾವಾಗ ಹೊರಟೇನೋ ಅಂತ ಕಾಯ್ತಿದ್ದ. ಈಗ ಗಾಡಿಗೆ ಪೆಟ್ರೋಲ್ ಹಾಕಿಸಿ ಅದನ್ನೇ ಹುಡುಕ್ತಾನಂತೆ."

ಎಲ್ಲರೂ ನಕ್ಕರು. ಪ್ರಸಾದನೂ ನಕ್ಕ.

"ಅಲ್ಲ ಪ್ರಸಾದಾ, ಯಾರೂ ಇಲ್ಲದ ಜಾಗಕ್ಕೆ ಅಷ್ಟು ದೂರ ಎಂತಕ್ಕೆ ಹೋಗ್ಬೇಕು?" ಎಂದರು ಅಮ್ಮ, ಅದೇ ನಗುವಿನಲ್ಲಿ. "ನೀವಿಬ್ಬರೂ ಎಂಟೂವರೆಗೆ ಹೊರಟರೆ ಸಂಜೆ ಆರರ ತನಕ ಈ ಮನೇಲೂ ಯಾರೂ ಇರಲ್ಲ. ರೋಡಲ್ಲೂ ಇರಲ್ಲ. ಮಂಗಳವಾರ ಒಂದು ಕಸದ ಲಾರಿ ಬರುತ್ತೆ. ಅದರಿಂದಲೂ ಯಾರೂ ಕೆಳಗೆ ಇಳಿಯಲ್ಲ. ಕಬ್ಬಿಣದ ಕೈ ಒಂದು ಬಂದು ಡಬ್ಬಿ ಎತ್ತಿ ಸುರ್ಕೊಂಡು ಹೋಗುತ್ತೆ. ನಾನು ಕಿಟಕಿ ಹತ್ರ ನಿಂತು ಕೈ ಬೀಸ್ತೀನಿ. ಹೋದ ವಾರ ಡ್ರೈವರ್ ನೋಡಿ ಅವನೂ ಬೀಸಿದ. ಒಳ್ಳೆ ಹುಡುಗ."

ಏಸಿ ಗುಂಯ್ ಅಂತಿತ್ತು. ನಾಗರಾಜ ಸುಮ್ಮನೆ ಹಾಳೆಯನ್ನು ಮೇಲೆ ಕೆಳಗೆ ಓಡಿಸಿದ. ಪ್ರಸಾದ ಕೋಡುಬಳೆ ಮುರಿದು ಎರಡು ಮಾಡಿದ, ಎರಡನ್ನೂ ತಿನ್ನಲಿಲ್ಲ. ಮೂರ್ತಿಯಂಥ ಮೂರ್ತಿಗೂ ಬಾಯಿಗೆ ಮಾತು ಬರಲಿಲ್ಲ, ಇದು ಅಪರೂಪ. ಆರು ತಿಂಗಳಿಗೆ ಅಂತ ಊರಿಂದ ಬರುವ ಅಪ್ಪ ಅಮ್ಮಂದಿರ ಹಗಲು ಹೇಗೆ ಹೋಗುತ್ತದೆ ಎನ್ನುವುದು ಇಲ್ಲಿ ಯಾರ ಎಕ್ಸೆಲ್ ಹಾಳೆಯಲ್ಲೂ ಇರುವುದಿಲ್ಲ.

"ಅತ್ತೆ, ನೀವೂ ಬನ್ನಿ" ಎಂದಳು ವೀಣಾ.

"ಮತ್ತೆ! ಅಮ್ಮ ಬರ್ತಾರೆ ಅಂತಲೇ ಅಲ್ವಾ ಇಷ್ಟೆಲ್ಲ" ಎಂದ ಪ್ರಸಾದ ತಡಬಡಿಸಿ. ಹಾಳೆಯಲ್ಲಿ ಅಮ್ಮನ ಹೆಸರೇ ಇರಲಿಲ್ಲ. ನಾಗರಾಜ ಸದ್ದಿಲ್ಲದೆ ಒಂದು ಸಾಲು ಸೇರಿಸಿದ.

ಮೂರ್ತಿ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಅಮ್ಮ, ನಿಯಮ ಎಲ್ಲರಿಗೂ ಒಂದೇ. ನಿಮ್ಮದು ಒಂದೇ ಒಂದು ಕಂಡೀಷನ್ ಹೇಳಿ, ಇವನು ಬರ್ಕೋತಾನೆ."

ಅಮ್ಮ ಯೋಚನೆ ಮಾಡಿದರು. ಬಕೆಟ್ ವಿಷಯ ಎತ್ತುತ್ತಾರೆ ಅಂತ ಪ್ರಸಾದ ಮುಖ ಸಣ್ಣ ಮಾಡಿಕೊಂಡು ಕಾದ.

"ಪಕ್ಕದಲ್ಲಿ ಬೇರೆ ಟೆಂಟ್ ಇರೋ ಜಾಗ ನೋಡು" ಎಂದರು. "ಮಕ್ಕಳಿರೋರಾದ್ರೆ ಒಳ್ಳೇದು."

ನಾಗರಾಜ ಬರೆದುಕೊಂಡ. ಹಾಳೆ ನೋಡಿದ. ಮತ್ತೊಮ್ಮೆ ನೋಡಿದ. "ಇದೊಂದು ಕಂಡೀಷನ್‌ಗೆ ಮಾತ್ರ ಎಲ್ಲಾ ಜಾಗಾನೂ ಪಾಸಾಗುತ್ತೆ."

"ಒಳ್ಳೇದಾಯ್ತು. ಹಾಗಾದ್ರೆ ಊಟದ ಮಾತಾಡಿ" ಎಂದಳು ವೀಣಾ. ಚಪಾತಿ ಎರಡನೇ ದಿನ ಗಟ್ಟಿಯಾಗುತ್ತೆ, ಬಿಸಿಬೇಳೆಬಾತ್ ಹಳಸುತ್ತೆ, ಪುಳಿಯೋಗರೆಯೇ ಸರಿ ಎಂದು ತೀರ್ಮಾನವಾಯಿತು. ರಾತ್ರಿ ಅದನ್ನು ಟೆಂಟಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕಾರಿನಲ್ಲೇ ಬೀಗ ಹಾಕಿಡಬೇಕು, ರಿಮ್ ಮೇಲೆ ಕರಿ ಕರಡಿ ಇವೆ ಎಂದ ನಾಗರಾಜ. ಕರಡಿಗೂ ಪುಳಿಯೋಗರೆ ಸೇರುತ್ತಾ ಎನ್ನುವುದರ ಮೇಲೆ ಸ್ವಲ್ಪ ಹೊತ್ತು ಹೋಯಿತು.

"ನಾನೇ ಕಲಸ್ತೀನಿ. ಗೊಜ್ಜು ಊರಿಂದ ತಂದಿದ್ದೇ ಇದೆ" ಎಂದರು ಅಮ್ಮ. "ಐದಾರು ಸೇರು ಅಕ್ಕಿ ಜಾಸ್ತಿ ಹಾಕೋಣ."

"ಯಾಕಮ್ಮಾ ಜಾಸ್ತಿ?"

"ಪಕ್ಕದ ಟೆಂಟಿನವರಿಗೆ ಕೊಡೋದು ಬೇಡ್ವಾ?"

"ಖಾರ ಸ್ವಲ್ಪ ಕಮ್ಮಿ ಮಾಡಿ ಅಮ್ಮ" ಎಂದ ಮೂರ್ತಿ. "ಪಾಪ, ಅವರೂ ಇನ್ನೂರು ಅಡಿ ಹೋಗಬೇಕು."