ಸಹಾಯ ಬೇಕು: ಹಳೆಯ ತೇಗದ ಬೀರುವಿಗೆ ಕುಟ್ಟೆ ಹುಳು, ಪಾಲಿಶ್ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ತೇಗದ ಬೀರುವಿನ ಕೆಳಗೆ, ಗುಡಿಸಿದ ಮರುದಿನವೇ ಗೋಧಿಹಿಟ್ಟಿನಂಥ ನಯವಾದ ಹುಡಿ ಮತ್ತೆ ಬಿದ್ದಿರುತ್ತದೆ. ಹಿಂಬದಿಯ ಹಲಗೆಯಲ್ಲಿ 1–2 ಮಿಲಿಮೀಟರ್ ಅಗಲದ ದುಂಡನೆಯ ರಂಧ್ರಗಳು ಕಾಣುತ್ತಿವೆ. ಮಣ್ಣಿನ ಗೂಡು ಎಲ್ಲಿಯೂ ಇಲ್ಲವಾದ್ದರಿಂದ ಇದು ಗೆದ್ದಲಲ್ಲ, ಕುಟ್ಟೆ ಹುಳುವೆಂದು ಭಾವಿಸಿದ್ದೇನೆ. ರಂಧ್ರಗಳು ಚೇಗನ್ನು (ಮರದ ಗಟ್ಟಿಯಾದ ಒಳಭಾಗವನ್ನು) ಬಿಟ್ಟು ಅಂಚಿನ ಬಿಳಿ ಭಾಗದಲ್ಲಷ್ಟೇ ಇರುವುದೂ ಅದಕ್ಕೆ ಹೊಂದುತ್ತದೆ.

ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಬೇಕೆಂದಿದ್ದೇನೆ. ಆದರೆ ಅದು ಬರಿಯ ಮರದೊಳಗೆ ಮಾತ್ರ ಇಳಿಯುತ್ತದೆ, ಪಾಲಿಶ್ ಇರುವಲ್ಲಿ ಮೇಲೆಯೇ ನಿಲ್ಲುತ್ತದೆ. ಮುಂಭಾಗದಲ್ಲಿರುವುದು ಅರಗಿನ ಪಾಲಿಶ್ (ಮೂಲೆಯೊಂದಕ್ಕೆ ಸ್ಪಿರಿಟ್ ತಾಗಿಸಿದಾಗ ಅಂಟಂಟಾಯಿತು), ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಲು ಮನಸ್ಸಿಲ್ಲ. ಬಡಗಿಯೊಬ್ಬರು ಸೀಮೆಎಣ್ಣೆ ಬಳಿಯಿರಿ ಎಂದರು. ಬಟ್ಟೆ ಇಡುವ ಬೀರುವಿಗೆ ಅದು ಒಪ್ಪುವ ಮಾತಲ್ಲ.

ಒಳಮೈ ಹಾಗೂ ಹಿಂಬದಿಗೆ ಮಾತ್ರ ದ್ರಾವಣ ಹಚ್ಚಿ, ಮುಂಭಾಗದ ರಂಧ್ರಗಳಿಗೆ ಸಿರಿಂಜ್‌ನಿಂದ ಬಿಟ್ಟು, ಬಳಿಕ ಜೇನುಮೇಣದಿಂದ ಮುಚ್ಚಿದರೆ ಸಾಕೇ? ಒಳಗಿರುವ ಮರಿಹುಳುಗಳು ಬೆಳೆದು ಹೊರಬರಲು ವರ್ಷವೇ ಹಿಡಿಯಬಹುದಾದ್ದರಿಂದ, ಹೊಸ ರಂಧ್ರಗಳು ಬೀಳುತ್ತವೆಯೇ ಎಂದು ನೋಡಿಕೊಂಡು ಅನಂತರ ಮೇಣ ತುಂಬುವುದು ಲೇಸೇ? ಈ ಕೆಲಸವನ್ನು ಸ್ವತಃ ಮಾಡಿರುವವರು ದಯವಿಟ್ಟು ತಿಳಿಸಿ.