ಅಪ್‌ಡೇಟ್: ಹೊಳಿ ನೀರು ಹೊಕ್ಕಿದ್ದ ಬಾವಿ ಸ್ವಚ್ಛ ಆತು

ಘಟಪ್ರಭಾ ಇಳದ ಮ್ಯಾಲೆ ಗೋಕಾಕ ಕಡೆ ನಮ್ಮ ಬಾವಿ ಹೆಂಗ ಸ್ವಚ್ಛ ಮಾಡೂದು ಅಂತ ಕೇಳಿದ್ದೆ. ಕೆಲವರು ಪಟಿಕ ಹಾಕ್ರಿ ಅಂದ್ರು, ಕೆಲವರು ಬ್ಲೀಚಿಂಗ್ ಪೌಡರ್ ಅಂದ್ರು. ಬ್ಲೀಚಿಂಗ್ ಪೌಡರ್ ಅಂದವರ ಮಾತು ಖರೇ ಆತ್ರಿ. ಪಟಿಕದಿಂದ ರಾಡಿ ಕುಂತಿತು, ಆದ್ರ ಅದು ಕ್ರಿಮಿ ಕೊಲ್ಲಂಗಿಲ್ಲ.

ಮೊದಲ ಹೂಳು ತೆಗೀರಿ, ರಾಡಿ ಉಳಿದ್ರ ಪೌಡರ್‌ನ್ಯಾಗಿನ ಕ್ರಿಮಿ ಕೊಲ್ಲೋ ಕ್ಲೋರಿನ್ ಅದ್ರಾಗ ಹಾಳು. 3 ಮೀಟರ್ ಅಗಲ, 4 ಮೀಟರ್ ನೀರು ಅಂದ್ರ ಸುಮಾರು 28,000 ಲೀಟರ್, ಸಾವಿರಕ್ಕ 2.5 ಗ್ರಾಂನಂಗ 70 ಗ್ರಾಂ ಪೌಡರ್. ಬಕೆಟ್‌ನ್ಯಾಗ ಕಲಸಿ, ಪೌಡರ್‌ನ್ಯಾಗಿನ ಸುಣ್ಣ ತಳಕ್ಕ ಕುಂತ ಮ್ಯಾಲೆ ತಿಳಿ ಅಷ್ಟ ಬಾವಿಗೆ ಬಿಟ್ಟು, ಕೊಡ ಇಳಿಸಿ ಮ್ಯಾಲೆ ಕೆಳಗ ಆಡಸ್ರಿ. ತಾಸು ಬಿಟ್ಟು ನೀರು ಪರೀಕ್ಷೆ ಮಾಡಿ ನೋಡಿದ್ರ ಲೀಟರ್‌ಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಇಲ್ಲಂದ್ರ ಮತ್ತ ಹಾಕ್ರಿ. ಬಾಯಿ ತೆರೆದಿಟ್ಟ ಹಳೇ ಚೀಲದ ಪೌಡರ್ ಬ್ಯಾಡ, ಸತ್ವ ಹೋಗಿರತೈತಿ.

ಹೊಸದಾಗಿ ಗೊತ್ತಾಗಿದ್ದು: ನೆಲ ಇನ್ನೂ ನೆಂದಿರುವಾಗ ಪಂಪ್ ಹಚ್ಚಿ ಬಾವಿ ಒಮ್ಮೆಲೇ ಖಾಲಿ ಮಾಡಬ್ಯಾಡ್ರಿ. ಹೊರಗಿನ ನೀರಿನ ಒತ್ತಡಕ್ಕ ಗೋಡಿ ಕುಸಿಯಬಹುದು.