ಸಹಾಯ ಬೇಕು: ಅಮ್ಮನನ್ನು ಕಳೆದುಕೊಂಡ ಹುಡುಗಿಗೆ ಯಾವ ಕಾದಂಬರಿ ಕೊಡಲಿ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳಿಗೆ 15 ವರ್ಷ. ಅಕ್ಕ ಹೋಗಿ 8 ತಿಂಗಳಾಯ್ತು. ಮನೆಯಲ್ಲಿ ಭಾವನಿಗೂ ಅವರ ತಾಯಿಗೂ ದಿನಾ ಜಗಳ, ಇವಳು ಮಾತ್ರ ಅಮ್ಮನ ಹಳೇ ವಾಚ್ ಕಟ್ಟಿಕೊಂಡು, ಅದು ನಿಂತುಹೋಗಿದ್ದರೂ ಸೆಲ್ ಹಾಕಿಸಲು ಬಿಡದೆ, ಮೂಲೆಯಲ್ಲಿ ಓದುತ್ತಾ ಕೂರುತ್ತಾಳೆ. ಯೋಚಿಸದೆ ಭೈರಪ್ಪನವರ ‘ಗೃಹಭಂಗ’ ಕೊಟ್ಟುಬಿಟ್ಟೆ, ನನ್ನದೇ ತಪ್ಪು. ಪ್ಲೇಗಿಗೆ ನಂಜಮ್ಮನ ಮಕ್ಕಳು ಸಾಯುವ ಕಡೆ ಹಾಳೆ ಮಡಚಿಟ್ಟವಳು ಮತ್ತೆ ಮುಟ್ಟಿಲ್ಲ. ಹಾಗಂತ ಸುಮ್ನೆ ನಗಿಸುವ ಪುಸ್ತಕವೂ ಬೇಡವಂತೆ, “ಚಿಕ್ಕಮ್ಮ, ನಾನೇನು ಮಗುನಾ?” ಅಂತಾಳೆ.

ಮನೆ ಜಗಳ, ಸಾವು ಎಲ್ಲಾ ಇದ್ದೂ ಕೊನೆಗೆ ಆ ಹುಡುಗನೋ ಹುಡುಗಿಯೋ ತನ್ನ ಕಾಲ ಮೇಲೆ ನಿಲ್ಲುವಂಥ ಕಾದಂಬರಿ ಗೊತ್ತಿದ್ದರೆ ಹೇಳಿ. 200 ಪುಟ ದಾಟದಿದ್ದರೆ ಒಳ್ಳೆಯದು. ಮುಂದಿನ ವಾರ ಅವರ ಮನೆಗೆ ಹೋಗುತ್ತಿದ್ದೇನೆ.